ಮಹಾಕೂಟದ ಮಂಗಲೇಶ

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಈ ನಾಲ್ಕು ಸ್ಥಳಗಳನ್ನು ಬೆಳಗಿನಿಂದ ಸಂಜೆಯೊಳಗೆ ನೋಡಿ ಮುಗಿಸುವ ಪ್ರವಾಸ ನಮ್ಮ ಶಾಲೆ ಕಾಲೇಜುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ದಾರಿಯೇನೂ ದೊಡ್ಡದಲ್ಲ, ಬಾದಾಮಿಯಿಂದ ಐಹೊಳೆಗೆ ಸುಮಾರು 35 ಕಿಲೋಮೀಟರು. ಆದರೆ ನೋಡತಕ್ಕ ಗುಡಿಗಳು ಹಲವು. ಮಾರ್ಗದರ್ಶಕನು ಒಂದೊಂದು ಗುಡಿಯ ಮುಂದೆಯೂ ನಿಂತು ಕಟ್ಟಿಸಿದವನ ಹೆಸರು, ಶತಮಾನ, ಶಿಖರದ ಜಾತಿ ಇವನ್ನು ಒಪ್ಪಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಕೇಳುವವರ ತಲೆಯಲ್ಲಿ ಪುಲಕೇಶಿ ವಿಕ್ರಮಾದಿತ್ಯರೆಲ್ಲ ಕಲಸಿಹೋಗಿರುತ್ತಾರೆ. ಈ ತೊಡಕನ್ನು ಹಲವು ಸಲ ಕಂಡುಂಡ ಮೇಲೆ, ಎಂಟು ಮಂದಿ ವಿದ್ಯಾರ್ಥಿಗಳ ಒಂದು ಸಣ್ಣ ತಂಡವನ್ನು ಕರೆದೊಯ್ಯುವಾಗ ನಾನು ಬೇರೊಂದು ಕ್ರಮವನ್ನು ಹಿಡಿದೆ. ಆ ದಿನ ಒಬ್ಬನೇ ಅರಸನ ಬಾಳನ್ನು ಹಿಂಬಾಲಿಸಿ ನಡೆಯತಕ್ಕದ್ದು, ಅವನ ಸಂಬಂಧವಿಲ್ಲದ ಕಡೆ ನಿಲ್ಲತಕ್ಕದ್ದಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಆ ಅರಸನು ವಾತಾಪಿಯ ಚಾಲುಕ್ಯ ಮಂಗಲೇಶ.

ಚಾಲುಕ್ಯರೆಂದೊಡನೆ ಇಮ್ಮಡಿ ಪುಲಕೇಶಿಯ ಹೆಸರು ನಾಲಗೆಗೆ ಬರುವಾಗ ಮಂಗಲೇಶನನ್ನೇ ಆರಿಸಿಕೊಂಡದ್ದೇಕೆ ಎಂದು ಓದುಗರು ಕೇಳಬಹುದು. ಪಠ್ಯಪುಸ್ತಕಗಳಲ್ಲಿ ಇವನಿಗೆ ದೊರೆಯುವುದು ನಾಲ್ಕಾರು ಸಾಲು ಮಾತ್ರ. ಅಣ್ಣ ತೀರಿಕೊಂಡಾಗ ಅವನ ಮಕ್ಕಳು ಚಿಕ್ಕವರಾದುದರಿಂದ ಪಟ್ಟವೇರಿದನು. ಮುಂದೆ ರಾಜ್ಯವನ್ನು ಬಿಟ್ಟುಕೊಡಲೊಲ್ಲದೆ ಅಣ್ಣನ ಮಗನ ಕೈಯಲ್ಲಿ ಸತ್ತನು. ಇಷ್ಟನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಅವನನ್ನು ದ್ರೋಹಿಗಳ ಪಟ್ಟಿಗೆ ಸೇರಿಸಿ ಮುಂದಿನ ಪುಟಕ್ಕೆ ಹೋಗುತ್ತಾನೆ. ಆದರೆ ಈ ದಾರಿಯಲ್ಲಿ ನಡೆದುಹೋಗುವವರಿಗೆ ಒಂದು ಅನುಕೂಲವುಂಟು. ಮಂಗಲೇಶನ ಬಾಳಿನ ಮೂರು ಘಟ್ಟಗಳನ್ನು ತಿಳಿಸುವ ಮೂರು ಶಾಸನಗಳು ಮೂರು ಊರುಗಳಿಗೆ ಸೇರಿದವು. ಪ್ರವಾಸದ ದಾರಿ ಹೇಗೆ ಸಾಗುವುದೋ ಅದೇ ಅನುಕ್ರಮದಲ್ಲಿ ಅವುಗಳ ಕಾಲವೂ ಸಾಗುತ್ತದೆ. ಬಾದಾಮಿಯದು ಕ್ರಿ.ಶ. 578, ಮಹಾಕೂಟದ್ದು 602, ಐಹೊಳೆಯದು 634. ಮೊದಲನೆಯದರಲ್ಲಿ ಅವನು ತಮ್ಮ, ಎರಡನೆಯದರಲ್ಲಿ ಅರಸ, ಮೂರನೆಯದರಲ್ಲಿ ಸೋತು ಸತ್ತವನು.

ಬಾದಾಮಿಯ ಕೋಟೆಯನ್ನು ಕಟ್ಟಿಸಿದವನು ಮಂಗಲೇಶನ ತಂದೆ ಮೊದಲನೆಯ ಪುಲಕೇಶಿ. ಕೋಟೆಯ ಬಂಡೆಯ ಮೇಲಿರುವ ಅವನ ಶಾಸನದಲ್ಲಿ ಶಕವರ್ಷ 465, ಅಂದರೆ ಕ್ರಿ.ಶ. 543, ನಮೂದಾಗಿದೆ. ಅವನ ತರುವಾಯ ಹಿರಿಯ ಮಗನಾದ ಕೀರ್ತಿವರ್ಮನು 566ರ ಸುಮಾರಿಗೆ ಪಟ್ಟಕ್ಕೆ ಬಂದನು. ಬನವಾಸಿಯ ಕದಂಬರು, ಕೊಂಕಣದ ಮೌರ್ಯರು, ನಳರು ಇವರನ್ನೆಲ್ಲ ಮುರಿದು, ಮಲಪ್ರಭೆಯ ದಂಡೆಯ ಒಂದು ಸಣ್ಣ ರಾಜ್ಯವನ್ನು ಕಡಲಿನವರೆಗೆ ಹಬ್ಬಿಸಿದವನು ಈ ಕೀರ್ತಿವರ್ಮ. ಅಂಥ ಅಣ್ಣನ ನೆರಳಿನಲ್ಲಿ ಮಂಗಲೇಶನು ಬೆಳೆದನು. ಅವನ ಬಾಲ್ಯವನ್ನಾಗಲಿ ವಿದ್ಯಾಭ್ಯಾಸವನ್ನಾಗಲಿ ಯಾವ ಶಾಸನವೂ ಬಣ್ಣಿಸುವುದಿಲ್ಲ. ಅವನು ನಮ್ಮ ಕಣ್ಣಿಗೆ ಮೊದಲು ಬೀಳುವುದು ಬಾದಾಮಿಯ ಮೂರನೆಯ ಗುಹೆಯಲ್ಲಿ.

ಬೆಳಗಿನ ಬಿಸಿಲು ಅಗಸ್ತ್ಯತೀರ್ಥದ ನೀರಿನ ಮೇಲೆ ಹರಡುವ ಹೊತ್ತಿಗೆ ನಾವು ಮೆಟ್ಟಿಲು ಹತ್ತಿ ಆ ಗುಹೆಯನ್ನು ಸೇರಿದ್ದೆವು. ನಾಲ್ಕು ಗುಹೆಗಳಲ್ಲಿ ಇದೇ ದೊಡ್ಡದು. ಪಡಸಾಲೆಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನೆತ್ತಿದ ವರಾಹ, ನರಸಿಂಹ, ಹರಿಹರ, ಮುಗಿಲಿಗೆ ಕಾಲೆತ್ತಿದ ತ್ರಿವಿಕ್ರಮ ಇವರು ಆಳೆತ್ತರವನ್ನು ಮೀರಿ ನಿಂತಿದ್ದಾರೆ. ಕಂಬಗಳ ಚಾಚುಪೀಠಗಳಲ್ಲಿ ದಂಪತಿಗಳ ವಿಗ್ರಹಗಳಿವೆ. ಇದನ್ನು ಕೊರೆಯಿಸಿದವನು ಮಂಗಲೇಶನೆಂಬುದನ್ನು ಅಲ್ಲಿಯ ಸಂಸ್ಕೃತ ಶಾಸನವು ತಿಳಿಸುತ್ತದೆ. ಕಾಲ ಶಕವರ್ಷ 500, ಕಾರ್ತಿಕ ಪೌರ್ಣಮಿ, ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ. ವಿಷ್ಣುಪ್ರತಿಮೆಯ ಪ್ರತಿಷ್ಠೆಯ ಆ ದಿನ ಮಂಗಲೇಶನು ಲಂಜೀಶ್ವರವೆಂಬ ಗ್ರಾಮವನ್ನು ದೇವರಿಗೆ ಬಿಟ್ಟನು. ಅದರ ಉತ್ಪನ್ನದಿಂದ ನಾರಾಯಣಬಲಿಯೂ ದಿನಂಪ್ರತಿ ಹದಿನಾರು ಮಂದಿ ಬ್ರಾಹ್ಮಣರ ಊಟವೂ ನಡೆದು, ಉಳಿದದ್ದು ಪರಿವ್ರಾಜಕರಿಗೆ ಸಲ್ಲಬೇಕಾಗಿತ್ತು.

ಇಷ್ಟು ಸಂಗತಿ ಯಾವ ದಾನಶಾಸನದಲ್ಲಿಯೂ ಇರುವಂಥದೇ. ಮುಂದಿನ ಮಾತು ಮಾತ್ರ ಹಾಗಲ್ಲ. ಆದಿತ್ಯ, ಅಗ್ನಿಗಳ ಸಮಕ್ಷಮದಲ್ಲಿ, ನೆರೆದ ಮಹಾಜನರ ಎದುರಿಗೆ, ಮಂಗಲೇಶನು ಈ ಧರ್ಮಕಾರ್ಯದ ಪುಣ್ಯವನ್ನೆಲ್ಲ ಅಣ್ಣನಾದ ಕೀರ್ತಿವರ್ಮನಿಗೆ ನೀರೆರೆದು ಧಾರೆಯಾಗಿ ಕೊಟ್ಟುಬಿಡುತ್ತಾನೆ. ತನಗೆ ಬೇಕಾದುದು ಅಣ್ಣನ ಸೇವೆ ಮಾಡಿದ ಫಲವೊಂದೇ ಎಂದು ಹೇಳಿಕೊಳ್ಳುತ್ತಾನೆ. ಬಂಡೆಯನ್ನು ಕೊರೆಯಿಸಿದ ಹಿರಿಮೆ ತನ್ನದು, ವೆಚ್ಚ ತನ್ನದು, ಪುಣ್ಯ ಅಣ್ಣನದು. ರಾಮಾಯಣದ ಭರತನನ್ನು ನೆನೆಯದೆ ಈ ಸಾಲುಗಳನ್ನು ಓದುವುದು ಕಷ್ಟ. ನಮ್ಮ ತಂಡದ ಒಬ್ಬ ಹುಡುಗನು ಇದನ್ನು ಕೇಳಿ ನಕ್ಕನು. ಕಥೆಯ ಕೊನೆ ಅವನಿಗೆ ಗೊತ್ತಿತ್ತು. ಮುಂದೆ ಏನಾಯಿತೆಂಬುದನ್ನು ಸಂಜೆಯವರೆಗೆ ಮರೆತು, 578ರಲ್ಲಿ ಇದ್ದವರಂತೆ ಇದನ್ನು ಕೇಳಬೇಕೆಂದು ಅವನನ್ನು ಬೇಡಿಕೊಂಡೆ. ಆ ಕಾರ್ತಿಕದ ಹುಣ್ಣಿಮೆಯ ದಿನ ಮಂಗಲೇಶನ ಮಾತು ಸುಳ್ಳೆಂದು ಹೇಳಲು ನಮಗೆ ಯಾವ ಆಧಾರವೂ ಇಲ್ಲ.

ಅಲ್ಲಿಯೇ ಸಮೀಪದಲ್ಲಿ ಮಂಗಲೇಶನದೇ ಇನ್ನೊಂದು ಸಣ್ಣ ಶಾಸನವಿದೆ, ಇದು ಕನ್ನಡದ್ದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಇದೂ ಒಂದಾದುದರಿಂದ ಭಾಷೆಯ ವಿದ್ಯಾರ್ಥಿಗಳು ಇದನ್ನು ನೋಡದೆ ಹೋಗಬಾರದು. ಗುಹೆಯನ್ನು ಇದು ಕಲ್ಮನೆ ಎಂದು ಕರೆಯುತ್ತದೆ. ಸಂಸ್ಕೃತದಲ್ಲಿ ಮಹಾವಿಷ್ಣುವಿನ ಗೃಹವಾದುದು ಊರವರ ಮಾತಿನಲ್ಲಿ ಕಲ್ಲಿನ ಮನೆಯಾಗಿ ನಿಂತಿದೆ. ಆ ಮನೆಗೆ ಲಂಜಿಗೇಸರವನ್ನು ಕೊಟ್ಟ ಸಂಗತಿ, ದೇವರಿಗೆ ಹೂ ಕಟ್ಟುವ ಮಾಲೆಗಾರನಿಗೆ ಸಲ್ಲುವ ಅಂಶ, ದತ್ತಿಯನ್ನು ಅಳಿದವನಿಗೆ ಶಾಪ, ಇವಿಷ್ಟೇ ಅದರ ವಿಷಯ. ಅರಸನ ಬಿರುದುಗಳಿಗಿಂತ ಹೂವಾಡಿಗನ ಪಾಲಿಗೆ ಹೆಚ್ಚು ಗಮನ ಕೊಟ್ಟ ಶಾಸನವಿದು.

ಕೀರ್ತಿವರ್ಮನು ತೀರಿಕೊಂಡಾಗ ಅವನ ಮಕ್ಕಳು ರಾಜ್ಯಭಾರಕ್ಕೆ ತಕ್ಕ ವಯಸ್ಸಿನವರಾಗಿರಲಿಲ್ಲ. ಹೊಸದಾಗಿ ಗೆದ್ದ ನಾಡುಗಳು ಸುತ್ತಲೂ ಇದ್ದವು; ಸೋತ ಅರಸುಮನೆತನಗಳು ತಲೆಯೆತ್ತಲು ಸಮಯ ಕಾಯುತ್ತಿದ್ದವು. ಇಂಥ ಹೊತ್ತಿನಲ್ಲಿ ಎಳೆಯ ಮಗುವನ್ನು ಗದ್ದುಗೆಯ ಮೇಲೆ ಕೂರಿಸುವುದು ರಾಜ್ಯಕ್ಕೇ ಅಪಾಯವೆಂದು ತೋರಿದ್ದರೆ ಆಶ್ಚರ್ಯವಿಲ್ಲ. 597ರ ಸುಮಾರಿಗೆ ಮಂಗಲೇಶನು ಆಳತೊಡಗಿದನು. ಅವನಿಗೆ ರಣವಿಕ್ರಮನೆಂಬ ಬಿರುದಿತ್ತು; ಅದು ಹೆಸರಿಗಷ್ಟೇ ಉಳಿಯಲಿಲ್ಲ. ನೇರೂರಿನ ತಾಮ್ರಶಾಸನದ ಪ್ರಕಾರ ಅವನು ಶಂಕರಗಣನ ಮಗನಾದ ಕಲಚೂರಿ ಬುದ್ಧರಾಜನನ್ನು ಸೋಲಿಸಿ ಓಡಿಸಿದನು. ಹದಿನೆಂಟು ಯುದ್ಧಗಳಲ್ಲಿ ಗೆದ್ದವನೆಂದು ಹೆಸರಾದ ಸ್ವಾಮಿರಾಜನನ್ನು ಕೊಂದನು. ಈ ಸ್ವಾಮಿರಾಜನು ಚಾಲುಕ್ಯ ಕುಲದವನೇ ಎಂಬುದನ್ನು ಗಮನಿಸಬೇಕು. ತನ್ನವರ ರಕ್ತದಿಂದ ಕೈ ತೊಳೆಯುವ ಕೆಲಸ ಈ ಮನೆತನದಲ್ಲಿ ಪುಲಕೇಶಿಯಿಂದ ಆರಂಭವಾಗಲಿಲ್ಲ.

ಕಲಚೂರಿಗಳು ಗುಜರಾತು, ಮಾಳವ, ನಾಸಿಕದ ಸೀಮೆಗಳನ್ನಾಳುತ್ತಿದ್ದ ಪ್ರಬಲರು. ಬುದ್ಧರಾಜನು ಈ ಸೋಲಿನಿಂದ ನಾಶವಾಗಲಿಲ್ಲ. 609ರ ಸುಮಾರಿಗೆ ಕೂಡ ಅವನ ದಾನಶಾಸನಗಳು ಹೊರಟಿರುವುದು ಕಂಡುಬಂದಿದೆ. ಆದುದರಿಂದ ಮಂಗಲೇಶನಿಗೆ ದೊರೆತದ್ದು ನೆಲಕ್ಕಿಂತ ಹೆಚ್ಚಾಗಿ ಸಂಪತ್ತು ಎಂದು ತಿಳಿಯಬೇಕು. ಆ ಸಂಪತ್ತು ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಮಹಾಕೂಟದಲ್ಲಿದೆ.

ಬಾದಾಮಿಯಿಂದ ಮಹಾಕೂಟಕ್ಕೆ ಸಡಕಿನಲ್ಲಿ ಸುಮಾರು 14 ಕಿಲೋಮೀಟರು; ಗುಡ್ಡದ ಮೇಲಿನ ಕಾಲುದಾರಿ ಹಿಡಿದರೆ ಅದರ ಅರ್ಧವೂ ಇಲ್ಲ. ನಾವು ಕಾಲುದಾರಿಯನ್ನೇ ಹಿಡಿದೆವು. ಕೆಂಪು ಕಲ್ಲಿನ ಬೋಳುಗುಡ್ಡವನ್ನು ದಾಟಿ ಇಳಿಯತೊಡಗಿದೊಡನೆ ಮರಗಳ ದಟ್ಟ ಹಸುರು, ಅದರ ನಡುವೆ ಒತ್ತೊತ್ತಾಗಿ ನಿಂತ ಗುಡಿಗಳ ಶಿಖರಗಳು ಕಾಣಿಸುತ್ತವೆ. ಪ್ರಾಕಾರದೊಳಗೆ ಊಟೆಯ ನೀರು ತುಂಬಿದ ವಿಷ್ಣುಪುಷ್ಕರಿಣಿ. ಹೊಂಡದಲ್ಲೇ ಒಂದು ಪುಟ್ಟ ಮಂಟಪ, ಅದರಲ್ಲಿ ನಾಲ್ಕು ಮುಖದ ಲಿಂಗ. ಒಂದು ಕಡೆ ಮಹಾಕೂಟೇಶ್ವರ, ಇನ್ನೊಂದು ಕಡೆ ಮಲ್ಲಿಕಾರ್ಜುನ, ಇವೆರಡೂ ದ್ರಾವಿಡ ರೀತಿಯವು. ಸಂಗಮೇಶ್ವರದ ಶಿಖರ ಮಾತ್ರ ಬಾಗಿದ ಗೆರೆಯ ನಾಗರ ರೀತಿಯದು. ಪೂಜೆ ಇಂದಿಗೂ ನಡೆಯುತ್ತಿದೆ. ಪಾಳುಬಿದ್ದ ಗುಡಿಗಳನ್ನು ನೋಡಿ ಬಂದವರಿಗೆ ಇಲ್ಲಿ ಹಣತೆಯ ಎಣ್ಣೆ, ಒದ್ದೆ ಬಟ್ಟೆ, ಬಿಲ್ವಪತ್ರೆಗಳ ವಾಸನೆ ಎದುರುಗೊಳ್ಳುತ್ತದೆ.

ವಿದ್ಯಾರ್ಥಿಗಳು ಮೊದಲು ಕೇಳಿದ್ದು ಕಂಬವೆಲ್ಲಿ ಎಂದು. ಮಂಗಲೇಶನ ಕಂಬ ಮಹಾಕೂಟದಲ್ಲಿಲ್ಲ. ಅದನ್ನು ಬಹು ಹಿಂದೆಯೇ ಇಲ್ಲಿಂದ ಸಾಗಿಸಿದರು. ಈಗ ಅದು ವಿಜಯಪುರದ ಗೋಳಗುಮ್ಮಟದ ಆವರಣದಲ್ಲಿರುವ ವಸ್ತುಸಂಗ್ರಹಾಲಯದಲ್ಲಿದೆ. ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಅದರ ಪಾಠವನ್ನು ಓದಿ 1890ರಲ್ಲಿ ಪ್ರಕಟಿಸಿದನು. ಕಲ್ಲು ಅಲ್ಲಿ ಬಿಸಿಲು ಮಳೆಗಳ ಕಾಟವಿಲ್ಲದೆ ಸುರಕ್ಷಿತವಾಗಿದೆಯೆಂಬುದು ನಿಜ. ಆದರೆ ಯಾವ ದೇವರ ಎದುರಿಗೆ ಅದನ್ನು ನಿಲ್ಲಿಸಿದರೋ ಆ ದೇವರ ಎದುರಿಗೆ ನಿಂತು ಅದನ್ನು ಓದುವ ಭಾಗ್ಯ ನಮಗಿಲ್ಲ. ಹೊಂಡದ ಮೆಟ್ಟಿಲ ಮೇಲೆ ಕುಳಿತು, ಕೈಬರಹದ ಹಾಳೆಯನ್ನು ನೋಡಿಕೊಂಡು, ನಾನೇ ಅದರ ವಿಷಯವನ್ನು ಹೇಳಬೇಕಾಯಿತು.

ಕಂಬದ ಶಾಸನವು ಗದ್ಯದಲ್ಲಿದೆ, ಭಾಷೆ ಸಂಸ್ಕೃತ. ಮಂಗಲೇಶನ ಆಳ್ವಿಕೆಯ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖ ಪೌರ್ಣಮಿ ಅದರ ಕಾಲ. ವಿದ್ವಾಂಸರು ಇದನ್ನು 602 ಎಂದು ಗಣಿಸುತ್ತಾರೆ. ಜಯಸಿಂಹ, ರಣರಾಗ, ಪುಲಕೇಶಿ ಇವರ ಸ್ತುತಿಯಾದ ಮೇಲೆ ಕೀರ್ತಿವರ್ಮನ ವರ್ಣನೆ ಬರುತ್ತದೆ. ಅಂಗ, ವಂಗ, ಕಲಿಂಗ, ಮಗಧಗಳಿಂದ ಹಿಡಿದು ಕೇರಳ, ಪಾಂಡ್ಯ, ಚೋಳಗಳವರೆಗೆ ಅವನು ಗೆದ್ದನೆಂದು ದೇಶಗಳ ಉದ್ದನೆಯ ಪಟ್ಟಿಯನ್ನೇ ಅದು ಕೊಡುತ್ತದೆ. ಇದರಲ್ಲಿ ಉತ್ಪ್ರೇಕ್ಷೆ ಹೇರಳವಾಗಿದೆ. ಆದರೆ ಉತ್ಪ್ರೇಕ್ಷೆ ಮಾಡಿಸಿದವನು ತಮ್ಮ. ಅಣ್ಣ ತೀರಿ ಐದು ವರ್ಷವಾದ ಮೇಲೆ, ತಾನೇ ಗದ್ದುಗೆಯ ಮೇಲೆ ಕುಳಿತಿರುವಾಗ, ಅಣ್ಣನ ಕೀರ್ತಿಯನ್ನು ಇಷ್ಟು ವಿಸ್ತಾರವಾಗಿ ಕೆತ್ತಿಸಿದನು. ಗುಹೆಯಲ್ಲಿ ಕಂಡ ತಮ್ಮನು ಇನ್ನೂ ಪೂರ್ತಿ ಮಾಯವಾಗಿಲ್ಲವೆನ್ನಬೇಕು.

ಬಳಿಕ ಅವನ ಮನಸ್ಸಿನ ಬಯಕೆ ಬೆಳಕಿಗೆ ಬರುತ್ತದೆ. ಉತ್ತರದಿಕ್ಕನ್ನು ಗೆದ್ದು ಭಾಗೀರಥಿಯ ದಂಡೆಯಲ್ಲಿ ಜಯಸ್ತಂಭವನ್ನು ನಿಲ್ಲಿಸಬೇಕೆಂಬುದು ಅವನ ಆಸೆ. ಅದಕ್ಕೆ ಮೊದಲು ಧರ್ಮದ ಜಯಸ್ತಂಭ ನಿಲ್ಲಬೇಕೆಂದು ಬಗೆದು ಈ ಕಂಬವನ್ನು ನಿಲ್ಲಿಸಿದನು. ಕಲಚೂರಿಯಿಂದ ತಂದ ಹಣವು ಮಹಾಕೂಟದ ದೇವರ ಉತ್ಸವಕ್ಕೆ ಸಂದಿತು. ತಂದೆಯ ಪತ್ನಿಯಾದ, ಬಟ್ಪೂರ ವಂಶದ ದುರ್ಲಭದೇವಿಯನ್ನು ಈ ಧರ್ಮಕಾರ್ಯದಲ್ಲಿ ಮುಂದಿಟ್ಟು ಹತ್ತು ಗ್ರಾಮಗಳ ದತ್ತಿಯನ್ನು ಸ್ಥಿರಪಡಿಸಿದರು. ಪಾತಿವ್ರತ್ಯದಲ್ಲಿ ಆಕೆ ದಮಯಂತಿಗೆ ಸಮಾನಳೆಂದು ಶಾಸನವು ಕೊಂಡಾಡುತ್ತದೆ. ನೇರೂರಿನ ಶಾಸನದಲ್ಲಿ ಪರಮಭಾಗವತನೆನಿಸಿದ, ಬಾದಾಮಿಯಲ್ಲಿ ವಿಷ್ಣುಗೃಹವನ್ನು ಕೊರೆಯಿಸಿದ ಅರಸನು ಶಿವನಿಗೆ ಈ ಸಂಪತ್ತನ್ನೊಪ್ಪಿಸಿದುದು ಆ ಕಾಲದ ಮತಸೌಹಾರ್ದಕ್ಕೆ ಒಳ್ಳೆಯ ನಿದರ್ಶನ.

ಭಾಗೀರಥಿಯ ದಂಡೆಯನ್ನು ಮಂಗಲೇಶನು ಕಾಣಲಿಲ್ಲ. ಅವನು ನಿಲ್ಲಿಸಿದ್ದು ಈ ಒಂದು ಕಂಬವನ್ನೇ. ನಾನು ಇಷ್ಟು ಹೇಳಿ ಮುಗಿಸಿದಾಗ, ಅದುವರೆಗೆ ಸುಮ್ಮನೆ ಬರೆದುಕೊಳ್ಳುತ್ತಿದ್ದ ಒಬ್ಬ ಹುಡುಗಿ, ಮುತ್ತಜ್ಜನಿಂದ ಹಿಡಿದು ತಂದೆಯ ಪತ್ನಿಯವರೆಗೆ ಮನೆಯವರೆಲ್ಲ ಬಂದರಲ್ಲ, ಆ ಮಗು ಎಲ್ಲಿ ಎಂದು ಕೇಳಿದಳು. ಇಷ್ಟು ವರ್ಷ ಈ ಶಾಸನವನ್ನು ಪಾಠ ಮಾಡಿದ ನನಗೆ ಆ ಪ್ರಶ್ನೆ ಅಷ್ಟು ನೇರವಾಗಿ ಹೊಳೆದಿರಲಿಲ್ಲ. ಕೀರ್ತಿವರ್ಮನ ಮಗನ ಹೆಸರು ಕಂಬದಲ್ಲಿಲ್ಲ. ಯಾರ ಪರವಾಗಿ ರಾಜ್ಯವನ್ನು ಕಾಯಬೇಕಾಗಿತ್ತೋ ಅವನ ಸುದ್ದಿಯೇ ಬರುವುದಿಲ್ಲ. ಶಾಸನದ ಮೌನದಿಂದ ಮನುಷ್ಯನ ಮನಸ್ಸನ್ನು ಓದಲು ಹೊರಡುವುದು ಅಪಾಯಕರವೆಂದು ನಾನು ಎಚ್ಚರಿಕೆಯ ಮಾತು ಹೇಳಿದೆನಾದರೂ, ಆ ಪ್ರಶ್ನೆ ನಮ್ಮೊಡನೆ ದಾರಿಯುದ್ದಕ್ಕೂ ಬಂದಿತು. ಸತ್ತ ಅಣ್ಣನನ್ನು ಹೊಗಳುವುದು ಸುಲಭ. ಬೆಳೆಯುತ್ತಿರುವ ಅವನ ಮಗನಿಗೆ ದಾರಿ ಬಿಡುವುದು ಸುಲಭವಲ್ಲ.

ಊಟ ಮುಗಿಸಿ ಪಟ್ಟದಕಲ್ಲಿನ ದಾರಿ ಹಿಡಿದೆವು. ಅಲ್ಲಿಯ ದೊಡ್ಡ ಗುಡಿಗಳು ಮಂಗಲೇಶನಿಗಿಂತ ನೂರು ವರ್ಷಕ್ಕೂ ಈಚಿನವು. ನಮ್ಮ ಕರಾರಿನಂತೆ ನಿಲ್ಲದೆ ಹೋದೆವು. ವಿರೂಪಾಕ್ಷ ಗುಡಿಯ ಶಿಖರವನ್ನು ದೂರದಿಂದ ಕಂಡು ನಿಟ್ಟುಸಿರಿಟ್ಟವರಿಗೆ ಇನ್ನೊಂದು ಸಲ ಬರೋಣವೆಂದು ಸಮಾಧಾನ ಹೇಳಬೇಕಾಯಿತು.

ಐಹೊಳೆಯ ಮೇಗುತಿ ಗುಡಿ ಊರ ಹೊರಗಣ ಗುಡ್ಡದ ಮೇಲಿದೆ. ಅದೊಂದು ಜಿನಾಲಯ. ಅದರ ಪೂರ್ವದ ಗೋಡೆಯಲ್ಲಿರುವ ಶಾಸನದ ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಬರೆದವನು ರವಿಕೀರ್ತಿ, ಕಾಳಿದಾಸ ಭಾರವಿಗಳ ಕೀರ್ತಿಯನ್ನು ತಾನು ಪಡೆದಿರುವೆನೆಂದು ಹೇಳಿಕೊಂಡ ಕವಿ. ಅವನ ಒಡೆಯನು ಇಮ್ಮಡಿ ಪುಲಕೇಶಿ, ಅಂದರೆ ಮಹಾಕೂಟದ ಕಂಬದಲ್ಲಿ ಹೆಸರಿಲ್ಲದ ಆ ಹುಡುಗ. ಈಗ ಅವನು ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ದಕ್ಷಿಣಾಪಥದ ಒಡೆಯ. ಅಂಥವನ ಆಸ್ಥಾನದ ಕವಿಯು ಸೋತ ಚಿಕ್ಕಪ್ಪನನ್ನು ಹೇಗೆ ಚಿತ್ರಿಸುವನೆಂದು ನಾವು ಮೊದಲೇ ಊಹಿಸಿಬಿಡುತ್ತೇವೆ. ಆದರೆ ರವಿಕೀರ್ತಿಯು ನ್ಯಾಯವಾಗಿ ನಡೆದುಕೊಂಡಿದ್ದಾನೆ. ಮಂಗಲೇಶನು ಕಲಚೂರಿಗಳ ರಾಜ್ಯಲಕ್ಷ್ಮಿಯನ್ನು ಕೈಹಿಡಿದದ್ದನ್ನು ಅವನು ಮುಚ್ಚಿಡುವುದಿಲ್ಲ. ಕೊಂಕಣ ಕರಾವಳಿಯ ರೇವತೀದ್ವೀಪವನ್ನು, ಅಂದರೆ ಇಂದಿನ ರೇಡಿಯನ್ನು, ಮುತ್ತಿದಾಗ ಅವನ ಸೇನೆಯ ನೆರಳು ಕಡಲಲ್ಲಿ ಮೂಡಿ ವರುಣನ ಪಡೆಯೇ ಅವನ ಅಪ್ಪಣೆಗೆ ಬಂದಂತಿತ್ತೆಂದು ಸೊಗಸಾಗಿ ಬಣ್ಣಿಸುತ್ತಾನೆ. ಸೋತವನ ಗೆಲವುಗಳನ್ನು ಗೆದ್ದವನ ಶಾಸನದಲ್ಲೇ ಕೆತ್ತಿದ ಈ ಔದಾರ್ಯ ನಮ್ಮ ಕಾಲದವರಿಗೆ ಪಾಠವಾಗತಕ್ಕದ್ದು.

ಅನಂತರ ಬರುವುದು ಕೊನೆಯ ಸಂಗತಿ. ರಾಜಲಕ್ಷ್ಮಿಯು ಒಲಿಯತೊಡಗಿದ ಪುಲಕೇಶಿಯ ಮೇಲೆ ಚಿಕ್ಕಪ್ಪನಿಗೆ ಅಸೂಯೆ ಹುಟ್ಟಿತು. ಇದನ್ನರಿತು ಅವನು ನಾಡನ್ನು ಬಿಟ್ಟು ಅಲೆಯುವ ಸಂಕಲ್ಪ ಮಾಡಿದನು. ಮಂತ್ರಶಕ್ತಿ ಉತ್ಸಾಹಶಕ್ತಿಗಳನ್ನು ಕೂಡಿಸಿಕೊಂಡು ಎದುರುನಿಂತನು. ಮಂಗಲೇಶನು ಮೂರನ್ನು ಒಟ್ಟಿಗೆ ಕಳೆದುಕೊಂಡನು: ತನ್ನ ಮಗನಿಗೆ ರಾಜ್ಯವನ್ನು ಕೊಡುವ ಯತ್ನ, ರಾಜ್ಯ, ಪ್ರಾಣ. ಆ ಮಗನ ಹೆಸರನ್ನು ರವಿಕೀರ್ತಿ ಹೇಳುವುದಿಲ್ಲ. ಮಹಾಕೂಟದ ಕಂಬದಲ್ಲಿ ಅಣ್ಣನ ಮಗನಿಗೆ ಹೆಸರಿಲ್ಲ. ಮೇಗುತಿಯ ಗೋಡೆಯಲ್ಲಿ ತಮ್ಮನ ಮಗನಿಗೆ ಹೆಸರಿಲ್ಲ.

ಕಾಳಗ ನಡೆದ ಸ್ಥಳದ ಸುಳಿವು ದೂರದ ಅನಂತಪುರ ಸೀಮೆಯ ಪೆದ್ದವಡಗೂರು ಶಾಸನದಲ್ಲಿ ಸಿಗಬಹುದೆಂದು ವಿದ್ವಾಂಸರು ಎಣಿಸಿದ್ದಾರೆ. ಎರೆಯನೆಂಬ ಅರಸನು ರಣವಿಕ್ರಮನನ್ನು ಸೋಲಿಸಿ ದಾನ ಕೊಟ್ಟ ಸಂಗತಿ ಅದರಲ್ಲಿದೆ. ಎರೆಯನೆಂಬುದು ಪುಲಕೇಶಿಯ ಮೊದಲ ಹೆಸರು, ರಣವಿಕ್ರಮನೇ ಮಂಗಲೇಶ ಎಂಬುದು ಅವರ ಅಭಿಪ್ರಾಯ. ಇದು 609 ಅಥವಾ 610ರ ಸುಮಾರಿನ ಮಾತು. ಈ ದಾಯಾದಿ ಜಗಳದ ಬೆಲೆಯನ್ನು ನಾಡು ತೆರಬೇಕಾಯಿತು. ಲೋಕವೆಲ್ಲ ಶತ್ರುಗಳೆಂಬ ಕತ್ತಲೆಯಲ್ಲಿ ಮುಳುಗಿತೆಂದು ರವಿಕೀರ್ತಿಯೇ ಒಪ್ಪಿಕೊಂಡಿದ್ದಾನೆ. ಅಪ್ಪಾಯಿಕ, ಗೋವಿಂದರೆಂಬವರು ಭೀಮೆಯವರೆಗೂ ನುಗ್ಗಿ ಬಂದರು. ಅಣ್ಣನೂ ತಮ್ಮನೂ ಮೂವತ್ತು ನಲವತ್ತು ವರ್ಷ ಕಟ್ಟಿದುದನ್ನು ಪುಲಕೇಶಿಯು ಮತ್ತೆ ಬುಡದಿಂದ ಕಟ್ಟಬೇಕಾಯಿತು.

ಇಲ್ಲಿಗೆ ಕಥೆ ಮುಗಿಯಿತೆಂದರೆ ಅದೂ ಸರಿಯಲ್ಲ. ನಾನೂರು ವರ್ಷಗಳ ಮೇಲೆ, ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಶಾಸನದಲ್ಲಿ ಮಂಗಲೇಶನು ಇನ್ನೊಮ್ಮೆ ಕಾಣಿಸಿಕೊಳ್ಳುತ್ತಾನೆ. ಅಲ್ಲಿ ಅವನು ಎಳೆಯನಾದ ಅಣ್ಣನ ಮಗನ ಪರವಾಗಿ ಭೂಭಾರವನ್ನು ಹೊತ್ತು, ಆ ಹುಡುಗನು ಪ್ರಾಯಕ್ಕೆ ಬಂದೊಡನೆ ರಾಜ್ಯವನ್ನು ಒಪ್ಪಿಸಿದ ಧರ್ಮಾತ್ಮ. ಚಾಲುಕ್ಯ ಕುಲದವನು ಧರ್ಮದ ದಾರಿಯನ್ನು ಬಿಡುವುದುಂಟೇ ಎಂಬುದು ಆ ಶಾಸನದ ಧಾಟಿ. ಮನೆತನದ ಕಲೆಯನ್ನು ತೊಳೆಯಲು ಮೊಮ್ಮಕ್ಕಳು ಮಾಡಿದ ಉಪಾಯವಿದು. ಮಂಗಲೇಶನು ಹೇಗೆ ನಡೆಯಬೇಕಾಗಿತ್ತೋ ಹಾಗೆ ನಡೆದನೆಂದು ಬರೆಯಿಸಿಬಿಟ್ಟರು. ಮೇಗುತಿಯ ಗೋಡೆ ಉಳಿಯದೆ ಹೋಗಿದ್ದರೆ ನಾವೂ ಅದನ್ನೇ ನಂಬುತ್ತಿದ್ದೆವು.

ಗುಡ್ಡದ ಮೇಲೆ ಸಂಜೆಯ ಗಾಳಿ ಬೀಸುತ್ತಿರಲು ವಿದ್ಯಾರ್ಥಿಗಳು ತಮ್ಮ ತಮ್ಮೊಳಗೆ ವಾದಕ್ಕಿಳಿದರು. ಗುಹೆಯಲ್ಲಿ ಹೇಳಿದ್ದು ಕಪಟವೆಂದು ಕೆಲವರು. ಅದು ದಿಟ, ಅಧಿಕಾರದ ರುಚಿ ಆಮೇಲೆ ಕೆಡಿಸಿತೆಂದು ಕೆಲವರು. ತನ್ನ ಮಗನ ಮುಖ ನೋಡಿದ ತಂದೆ ಬೇರೇನು ಮಾಡಿಯಾನು ಎಂದು ಒಬ್ಬನು. ಬೆಳಿಗ್ಗೆ ನಕ್ಕಿದ್ದ ಹುಡುಗನು ಈ ವಾದದಲ್ಲಿ ಸೇರದೆ ಗೋಡೆಯ ಅಕ್ಷರಗಳನ್ನು ನೋಡುತ್ತ ನಿಂತಿದ್ದನು. ನನ್ನ ಅಭಿಪ್ರಾಯವನ್ನು ಕೇಳಿದಾಗ ಇಷ್ಟೇ ಹೇಳಿದೆ. 578ರ ಮನುಷ್ಯನೂ ನಿಜ, 610ರ ಮನುಷ್ಯನೂ ನಿಜ. ಒಬ್ಬನನ್ನು ಇನ್ನೊಬ್ಬನ ಸಾಕ್ಷಿಯಾಗಿ ನಿಲ್ಲಿಸಿ ಸುಳ್ಳುಗಾರನೆನ್ನುವ ಅಧಿಕಾರ ನಮಗಿಲ್ಲ. ಇಬ್ಬರ ನಡುವೆ ಮೂವತ್ತು ವರ್ಷಗಳಿವೆ. ಮನುಷ್ಯನು ಎಲ್ಲಿ ಹೊರಳಿದನೆಂಬುದನ್ನು ಯಾವ ಶಾಸನವೂ ಕೆತ್ತಿಡಲಿಲ್ಲ. ಬಹುಶಃ ಅವನಿಗೇ ಅದು ತಿಳಿದಿರಲಿಲ್ಲ.

ಮೂವತ್ತೆರಡು ವರ್ಷಗಳ ಮೇಲೆ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದಾಗ ಪುಲಕೇಶಿಯ ಸಿಂಹಾಸನವೂ ಉರುಳಿತು. ಚಿಕ್ಕಪ್ಪ ಮಗ ಇಬ್ಬರೂ ಯಾವುದಕ್ಕಾಗಿ ಕಾದಿದರೋ ಅದು ಯಾರಲ್ಲಿಯೂ ನಿಲ್ಲಲಿಲ್ಲ. ನಿಂತದ್ದು ಕಲ್ಮನೆ. ಮಂಗಲೇಶನು ಅಣ್ಣನ ಪುಣ್ಯಕ್ಕಾಗಿ ಬಿಟ್ಟ ಲಂಜಿಗೇಸರವನ್ನು ಇಂದಿನ ನಂದಿಕೇಶ್ವರವೆಂದು ಗುರುತಿಸಿದ್ದಾರೆ. ಅದು ಮಹಾಕೂಟದ ಮಗ್ಗುಲ ಹಳ್ಳಿ. ಹಿಂದಿರುಗುವಾಗ ಕತ್ತಲಾಗಿತ್ತು. ಊರಲ್ಲಿ ದೀಪ ಹಚ್ಚಿದ್ದರು. ಹೊಲದಿಂದ ಬರುತ್ತಿದ್ದ ಒಂದು ಬಂಡಿಗೆ ದಾರಿ ಬಿಡಲು ನಮ್ಮ ವಾಹನ ಒಂದು ಗಳಿಗೆ ನಿಂತಿತು. ಇದೇ ಆ ಊರು ಎಂದು ನಾನು ಹೇಳುವ ಮೊದಲೇ ಹಿಂದಿನ ಸಾಲಿನಿಂದ ಆ ಹುಡುಗನು ಅದರ ಹಳೆಯ ಹೆಸರನ್ನು ಹೇಳಿದನು.